ದಾಮೋದರ ಸರ್ ಹೆಸರಿನ ಪೊದೆ

ಹೊಸ ಸಸ್ಯವೊಂದು ಪತ್ತೆಯಾಗಿದೆ ಎಂದು ಪತ್ರಿಕೆಯಲ್ಲಿ ಸುದ್ದಿ ಬಂದರೆ ಅದರ ಜೊತೆಗಿರುವ ಫೋಟೊ ನೋಡಿ. ನಡುವೆ ಒಬ್ಬ ದೊಡ್ಡ ಮನುಷ್ಯ ನಿಂತಿರುತ್ತಾನೆ. ಗಿಡ ಅವನ ಕೈಯಲ್ಲಿರುತ್ತದೆ, ಕೆಲವೊಮ್ಮೆ ತಲೆಕೆಳಗಾಗಿ. ಗುಡ್ಡ ಹತ್ತಿ ಅದನ್ನು ಹುಡುಕಿದವರು ಫೋಟೊದಲ್ಲಿ ಇರುವುದಿಲ್ಲ. ಏಕೆಂದರೆ ಫೋಟೊ ತೆಗೆದವರು ಅವರೇ.

ನಾನು ಕುಮಟೆಯ ಒಂದು ಸಸ್ಯ ಸಂಶೋಧನಾ ಕೇಂದ್ರದಲ್ಲಿ ಒಣಗಿಸಿದ ಗಿಡಗಳ ಸಂಗ್ರಹವನ್ನು ನೋಡಿಕೊಳ್ಳುತ್ತಿದ್ದೆ. ಪುಸ್ತಕದಲ್ಲಿ ಅದಕ್ಕೆ ಹರ್ಬೇರಿಯಂ ಎಂದು ಹೆಸರು. ಊರವರ ಬಾಯಲ್ಲಿ ಅದು ‘ಒಣಸೊಪ್ಪಿನ ಆಫೀಸು’. ಯಾವ ಶಾಲೆಯಲ್ಲೂ ಪಾಠ ಮಾಡಿದವಳಲ್ಲದಿದ್ದರೂ ಎಲ್ಲರೂ ನನ್ನನ್ನು ಅಕ್ಕೋರು ಎಂದೇ ಕರೆದರು. ಈ ಕಡೆ ಕನ್ನಡಕ ಹಾಕಿಕೊಂಡು ಗದರುವ ಹೆಂಗಸು ಯಾರಾದರೂ ಅಕ್ಕೋರೇ. ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಆಗಾಗ ಮನೆಗೆ ಬಂದು, ಕೆಲಸ ಹೇಗಿರುತ್ತದೆ ಎಂದು ಕೇಳುತ್ತಾರೆ. ಬಾಯಲ್ಲಿ ಹೇಳಿದರೆ ಮೊಬೈಲು ನೋಡುತ್ತಾರೆ. ಆದ್ದರಿಂದ ಬರೆದಿಡುತ್ತಿದ್ದೇನೆ. ನನಗೆ ಸಿಕ್ಕ ಬಡ್ತಿಗಳ ಬಗ್ಗೆ ಇದರಲ್ಲಿ ಏನೂ ಇಲ್ಲ. ಅವು ಸಿಕ್ಕಿದ್ದು ನನ್ನ ಮೇಲಿನವರು ನಿವೃತ್ತರಾದ ಕಾರಣಕ್ಕೆ.

ಮೊದಲು ಶಿಸ್ತಿನ ಮಾತು. ನಾನು ಸೇರಿದಾಗ ಇದ್ದ ನಿರ್ದೇಶಕರು ಮಾತು ಕಡಿಮೆ, ನಿಯಮ ಹೆಚ್ಚು ಎನ್ನುವಂಥವರು. ಹೂವಿನ ಬಣ್ಣವನ್ನು ಗುಡ್ಡದ ಮೇಲೇ ಬರೆದುಕೊಳ್ಳಬೇಕು. ಮನೆಗೆ ಬಂದು ನೆನಪಿನಿಂದ ಬರೆದರೆ ಅದು ಸೀರೆಯ ಬಣ್ಣವಾಗಿರುತ್ತದೆ. ಒಂದು ಹಾಳೆಯ ಮೇಲೆ ಅಂಟಿಸುವ ಎಲೆ, ಹೂವು, ಕಾಯಿ ಎಲ್ಲವೂ ಒಂದೇ ಗಿಡದ್ದಾಗಿರಬೇಕು. ಗಿಡವನ್ನು ಹಳೆಯ ಪತ್ರಿಕೆಗಳ ನಡುವೆ ಇಟ್ಟು, ಮರದ ಚೌಕಟ್ಟಿನಲ್ಲಿ ಬಿಗಿದು ಒಣಗಿಸಬೇಕು, ಆ ಪತ್ರಿಕೆಗಳನ್ನು ದಿನಾ ಬೆಳಿಗ್ಗೆ ಬದಲಿಸಬೇಕು. “ಮೊದಲು ಗಿಡದ ಪೇಪರು, ಆಮೇಲೆ ನಿಮ್ಮ ಚಹ” ಎನ್ನುತ್ತಿದ್ದರು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟು, ಮದುವೆ ಆಲ್ಬಮ್ಮು ಎಲ್ಲಕ್ಕೂ ಬೂಸು ಹಿಡಿಯುತ್ತದೆ. ಹಸಿ ಗಿಡಕ್ಕೆ ಹಿಡಿಯದೆ ಬಿಡುತ್ತದೆಯೆ? ನಾನು ಇವತ್ತಿಗೂ ಪೇಪರು ಮಡಚಿಟ್ಟೇ ಚಹ ಕುಡಿಯುತ್ತೇನೆ, ಮನೆಯಲ್ಲಿ ಗಿಡ ಒಂದೂ ಇಲ್ಲದಿದ್ದರೂ.

ಆಗಿನ ಇನ್ನೊಂದು ನಿಯಮ ಲ್ಯಾಟಿನ್. ಹೊಸ ಸಸ್ಯದ ವರ್ಣನೆಯನ್ನು ಲ್ಯಾಟಿನ್ ಭಾಷೆಯಲ್ಲಿ ಬರೆಯದಿದ್ದರೆ ಜಗತ್ತು ಅದನ್ನು ಒಪ್ಪುತ್ತಿರಲಿಲ್ಲ. ಶಿರಾಲಿಯ ಗುಡ್ಡದಲ್ಲಿ ಬೆಳೆದ ಗಿಡ, ನೋಡಿದವಳು ಕುಮಟೆಯವಳು, ಓದುವವರು ಇಡೀ ಭೂಮಂಡಲದಲ್ಲಿ ಕೈಬೆರಳೆಣಿಕೆಯ ಜನ. ಆದರೂ ರೋಮ್ ಚಕ್ರವರ್ತಿಗೆ ಅರ್ಥವಾಗುವಂತೆ ಬರೆಯಬೇಕು. ಕಲಿಸಿಕೊಡಿ ಎಂದು ಹೊನ್ನಾವರದ ಒಬ್ಬ ವಯಸ್ಸಾದ ಪಾದ್ರಿಯ ಬಳಿ ಹೋದೆ. ಅವರ ಮನೆಮಾತು ಕೊಂಕಣಿ. ನನ್ನ ಕೋರಿಕೆಯನ್ನು ಪೂರ್ತಿ ಕೇಳಿ ಹೇಳಿದರು:

“ಬಾಯೇ, ನಂಗೆ ಗೊತ್ತಿರೂ ಲ್ಯಾಟಿನ್ ದೇವ್ರ ಹತ್ರ ಮಾತಾಡೂಕೆ. ಎಲೆ ಅಡಿಗೆ ಕೂದಲು ಅದೆ ಅಂತ ದೇವ್ರಿಗೆ ಹೇಳೂ ಪ್ರಸಂಗ ಇಲ್ಲೀವರೆಗೆ ಬರ್ಲಿಲ್ಲ.”

ಆದರೂ ಪುಣ್ಯಾತ್ಮರು ಕಲಿಸಿದರು. ನಾನು ಅದನ್ನು ಚೆನ್ನಾಗಿ ಕಲಿತು ಮುಗಿಸುವ ಹೊತ್ತಿಗೆ ಲ್ಯಾಟಿನ್ ಕಡ್ಡಾಯವಲ್ಲ, ಇಂಗ್ಲಿಷ್ ಸಾಕು ಎಂದು ನಿಯಮ ಬದಲಾಯಿತು. ಸರಕಾರಿ ರಸ್ತೆ ಟಾರು ಹಾಕಿದ ಮರುವಾರ ಅಗೆದಂತೆ. ಈಗಿನ ಕಾಲದಲ್ಲಿ ಎಲೆಯ ಚೂರನ್ನು ಪೊಟ್ಟಣ ಕಟ್ಟಿ ಕೊರಿಯರ್ ಮಾಡುತ್ತಾರೆ. ಯಾವುದೋ ಊರಿನ ಯಂತ್ರ ಅದರ ವಂಶಾವಳಿ ಹೇಳುತ್ತದೆ. ಹಳೆಯ ದೊಡ್ಡ ಕುಲಗಳನ್ನೆಲ್ಲ ಹಾಗೆ ಒಡೆದು, ಅಣ್ಣತಮ್ಮಂದಿರ ಹಿಸೆಯಾದ ಹಾಗೆ ಪಾಲು ಮಾಡಿದ್ದಾರೆ. ಯಂತ್ರ ಬಂದಿದ್ದು ಒಳ್ಳೆಯದೇ. ಆದರೆ ಗುಡ್ಡ ಹತ್ತುವ ಯಂತ್ರ ಇನ್ನೂ ಬಂದಿಲ್ಲ.

ನನ್ನ ಪಾಲಿಗೆ ಬಂದ ಗಿಡಗಳು ಹೆಚ್ಚಾಗಿ ಸೇವಂತಿಗೆಯ ಕುಟುಂಬದವು. ನೀವು ಒಂದು ಹೂವೆಂದು ಮುಡಿಯುವ ಸೇವಂತಿಗೆ ನಿಜದಲ್ಲಿ ಒಂದು ಹೂವಲ್ಲ, ನೂರಾರು ಪುಟ್ಟ ಹೂಗಳು ಒತ್ತೊತ್ತಾಗಿ ಕೂತ ಒಂದು ಸಭೆ. ಸೂರ್ಯಕಾಂತಿಯನ್ನೇ ನೋಡಿ. ಹೊರಸುತ್ತಿನಲ್ಲಿ ಹಳದಿಯಾಗಿ ಹೊಳೆಯುವವು ಬೀಜ ಕಟ್ಟುವುದಿಲ್ಲ. ಅವು ಇರುವುದು ಕಾಣಿಸಿಕೊಳ್ಳುವುದಕ್ಕೆ. ಬೀಜ ಕಟ್ಟುವವು ನಡುವೆ ಕೂತಿರುವ, ಯಾರ ಕಣ್ಣಿಗೂ ಬೀಳದ ಸಣ್ಣ ಹೂಗಳು. ನಮ್ಮ ಕೇಂದ್ರದ ರಚನೆಯೂ ಇದೇ ಆಗಿತ್ತು. ಈ ಕುಟುಂಬದಲ್ಲಿ ಗಿಡ್ಡ ಸಸಿಗಳು ಹೆಚ್ಚು. ಆಳೆತ್ತರದ, ಕಾಂಡ ಕಟ್ಟಿಗೆಯಾಗುವ ಪೊದೆಗಳೂ ಇವೆ. ಅವುಗಳ ಬೀಜಕ್ಕೆ ತಲೆಯ ಮೇಲೆ ಕೂದಲಿನ ಗೊಂಡೆ ಇರುತ್ತದೆ, ಗಾಳಿ ಬಂದರೆ ಹಾರಿಹೋಗುವುದಕ್ಕೆ. ಆದ್ದರಿಂದ ಈ ಗಿಡಗಳನ್ನು ಮೇಜಿನ ಮೇಲೆ ಹರಡಿದಾಗ ಫ್ಯಾನ್ ಹಾಕಬಾರದು. ಕುಮಟೆಯ ಏಪ್ರಿಲ್ ತಿಂಗಳಲ್ಲೂ ಹಾಕಬಾರದು. ಬೆವರು ಒರೆಸಿಕೊಳ್ಳುತ್ತ ಕೂರಬೇಕು.

ಹಳೆಯ ನಿರ್ದೇಶಕರ ನಂತರ ದಾಮೋದರ ಸರ್ ಬಂದರು. ಡಾಕ್ಟರೇಟ್ ಪಡೆದವರು, ಇಸ್ತ್ರಿ ಮಾಡಿದ ಅಂಗಿಯವರು. ಬಂದ ಮೊದಲ ಬೇಸಿಗೆಯಲ್ಲೇ ನನ್ನ ಕೋಣೆಯ ಬಾಗಿಲಲ್ಲಿ ನಿಂತು ಹೇಳಿದರು:

“ಎಂತ ಅಕ್ಕೋರೆ, ಕಮ್ಮಾರನ ಕುಲುಮೆಲಿ ಕೂತ ಹಾಗೆ ಕೂತ್ಕಂಡೀರಿ! ಕರೆಂಟ್ ಇಲ್ವಾ?”

“ಕರೆಂಟ್ ಅದೆ ಸರ್. ಫ್ಯಾನ್ ಹಾಕಿದ್ರೆ ಬೀಜ ಹಾರ್ತದೆ.”

“ಬೀಜ ಹಾರಿದ್ರೆ ಹಾರ್ಲಿ ಮಾರಾಯ್ರೆ. ಗಿಡ ಹಾರೂದಿಲ್ವಲ್ಲ.”

ನಾನು ಇರುವಾಗ ಫ್ಯಾನ್ ಹಾಕಗೊಡಲಿಲ್ಲ. ನಾನು ತಂಗಿಯ ಮಗಳ ಮದುವೆಗೆ ರಜೆ ಹಾಕಿದ್ದಾಗ ಅವರೇ ಬಂದು ಕೂತರು, ಫ್ಯಾನನ್ನು ಪೂರ್ತಿ ತಿರುಗಿಸಿದರು. ಪಕ್ಕದ ಮೇಜಿನ ಮೇಲೆ ಕಮ್ಯುನಿಸ್ಟ್ ಗಿಡದ ಹಾಳೆ ಬಿಚ್ಚಿಕೊಂಡಿತ್ತು. ರಸ್ತೆ ಬದಿಯಲ್ಲಿ, ಬೇಲಿಯಲ್ಲಿ, ಪಾಳುಬಿದ್ದ ಗದ್ದೆಯಲ್ಲಿ ನುಗ್ಗಿ ಬೆಳೆಯುವ ಅದೇ ಕಳೆ. ಅದೂ ಸೇವಂತಿಗೆಯ ಕುಟುಂಬದ್ದೇ. ಅದರ ಬಿಳಿ ಗೊಂಡೆಯ ಬೀಜಗಳು ಹಾರಿ, ಸರ್ ಮುಂದೆ ಇದ್ದ ಸಾಮಾನ್ಯ ಕಾಡುಪೊದೆಯೊಂದರ ಹಾಳೆಯ ಮೇಲೆ ಇಳಿದವು. ಆ ಪೊದೆಯ ಬೀಜಕ್ಕೆ ಕೆಂಪು ಕೂದಲು ಇರಬೇಕಾದಲ್ಲಿ ಬಿಳಿ ಕೂದಲು ಕಂಡ ಸರ್ ಕುರ್ಚಿಯಿಂದ ಎದ್ದರು. ನಾನು ಮದುವೆ ಮುಗಿಸಿ ಬರುವಷ್ಟರಲ್ಲಿ ಹೊಸ ಪ್ರಭೇದದ ಲೇಖನ ಹೊರಟುಹೋಗಿತ್ತು. ಅವಸರದ ಪತ್ರಿಕೆಯೊಂದು ಅದನ್ನು ಅವಸರದಲ್ಲೇ ಅಚ್ಚು ಹಾಕಿತು.

ಆಮೇಲೆ ಯುರೋಪಿನಿಂದ ಒಬ್ಬ ತಜ್ಞೆ ಬರೆದು ಕೇಳಿದರು: ಈ ಬೀಜಗಳು ಹೂವಿಗೆ ಅಂಟಿಕೊಂಡಿವೆಯೇ, ಹಾಳೆಯ ಮೇಲೆ ಬಿದ್ದಿವೆಯೇ? ಉತ್ತರ ಕೊಡುವುದು ಸರ್‌ಗೆ ಕಷ್ಟವಾಯಿತು. ಕೆಲವು ತಿಂಗಳ ಬಳಿಕ ಆ ತಜ್ಞೆ ಒಂದು ಪುಟ್ಟ ಟಿಪ್ಪಣಿ ಅಚ್ಚು ಮಾಡಿಸಿದರು: ದೇಹ ಒಂದು ಗಿಡದ್ದು, ಬೀಜ ಇನ್ನೊಂದರದ್ದು, ಇಂಥ ಸಸ್ಯ ಭೂಮಿಯ ಮೇಲೆ ಇಲ್ಲ. ನಮ್ಮ ಕೇಂದ್ರದ ಹೆಸರು ಹೊರದೇಶದಲ್ಲಿ ಮೊದಲ ಬಾರಿಗೆ ಅಚ್ಚಾದದ್ದು ಹೀಗೆ. ಅಂದಿನಿಂದ ಕಚೇರಿಯಲ್ಲಿ ಕಮ್ಯುನಿಸ್ಟ್ ಗಿಡದ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಕಚೇರಿಯ ಕಂಪೌಂಡಿನ ಸುತ್ತ ಬೆಳೆದದ್ದು ಅದೊಂದೇ ಆಗಿತ್ತು.

ಗಾಳಿಯಲ್ಲಿ ಹುಟ್ಟಿ ಗಾಳಿಯಲ್ಲಿ ಹೋದ ಆ ಪ್ರಭೇದದ ನಂತರ ಸರ್‌ಗೆ ಒಂದು ನಿಜವಾದ ಹೊಸ ಸಸ್ಯದ ಹಸಿವು ಹತ್ತಿತು. ಆದರೆ ಗುಡ್ಡ ಹತ್ತುವ ಮಂಡಿ ಅವರಿಗೆ ಇರಲಿಲ್ಲ. ಆದ್ದರಿಂದ ಸಂಶೋಧನಾ ವಿದ್ಯಾರ್ಥಿಗಳನ್ನು ಇಟ್ಟುಕೊಂಡರು. ವಿದ್ಯಾರ್ಥಿಗಳು ಹತ್ತುತ್ತಿದ್ದರು, ಅಳೆಯುತ್ತಿದ್ದರು, ಬರೆಯುತ್ತಿದ್ದರು. ಲೇಖನದ ಮೇಲೆ ಮೊದಲ ಹೆಸರು ದಾಮೋದರ ಸರ್ ಅವರದ್ದು. ಒಮ್ಮೆ ಕೇಳಿದ್ದಕ್ಕೆ ವಿವರಿಸಿದರು: “ಕ್ಷೇತ್ರಕಾರ್ಯ ಅವ್ರದ್ದು ಅಕ್ಕೋರೆ, ಮಾರ್ಗದರ್ಶನ ನಂದು. ದಾರಿ ತೋರ್ಸೂನು ಮುಂದೆ ಇರೂದಾ, ಹಿಂದೆ ಇರೂದಾ?”

ತಮಾಷೆಯಾಗಿ ಕಾಣುತ್ತದೆ, ಆದರೆ ಪರಿಣಾಮ ತಮಾಷೆಯದಲ್ಲ. ಪಿಎಚ್‌ಡಿ ಪ್ರಬಂಧ ಸಲ್ಲಿಸಬೇಕಾದರೆ ವಿದ್ಯಾರ್ಥಿಯೇ ಮೊದಲ ಲೇಖಕನಾಗಿರುವ ಒಂದು ಲೇಖನ ಅಚ್ಚಾಗಿರಬೇಕು ಎಂಬ ನಿಯಮ ನಮ್ಮಲ್ಲಿತ್ತು. ಮೊದಲ ಜಾಗದಲ್ಲಿ ಸರ್ ಕೂತಿರುವಾಗ ವಿದ್ಯಾರ್ಥಿ ಎಲ್ಲಿ ಕೂರಬೇಕು? ಎರಡನೆಯವನಾಗಿಯೇ ವರ್ಷಗಟ್ಟಲೆ ಕಳೆದ ಒಬ್ಬ ಬುದ್ಧಿವಂತ ಹುಡುಗ ಬೇಸತ್ತು ಬಿಟ್ಟುಹೋದ. ಈಗ ಭಟ್ಕಳದಲ್ಲಿ ಅವನ ಔಷಧಿ ಅಂಗಡಿ ಇದೆ. ಬೋರ್ಡಿನ ಮೇಲೆ ಅವನ ಹೆಸರೇ ಮೊದಲು ಇದೆ.

ಅವನ ನಂತರ ಬಂದವಳು ಸುಜಾತಾ ಪಟಗಾರ. ಹಿರೇಗುತ್ತಿಯವಳು, ತಂದೆ ಗದ್ದೆ ಕೆಲಸದ ಜೊತೆ ಟೆಂಪೊ ಓಡಿಸುತ್ತಿದ್ದರು. ಮೊದಲ ದಿನವೇ ಪತ್ರಿಕೆ ಬದಲಿಸಿ ಆಮೇಲೆ ಚಹ ಕುಡಿದಳು. ಹೇಳಿಕೊಡಬೇಕಾಗಲಿಲ್ಲ. ಅವಳ ಬಗ್ಗೆ ನನ್ನ ಅಭಿಪ್ರಾಯ ಅವತ್ತೇ ಗಟ್ಟಿಯಾಯಿತು.

ಒಂದು ಡಿಸೆಂಬರಿನಲ್ಲಿ ಅವಳು ಯಾಣದ ಕಾಡಿನಿಂದ ಒಂದು ಕೊಂಬೆ ತಂದಳು. ಬಂಡೆಗಳಿಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ, ಚಪ್ಪಲಿಯ ಪಟ್ಟಿ ಹರಿದು ಕೂತಾಗ ಕಂಡದ್ದು. ಆಳೆತ್ತರದ ಪೊದೆ, ತಿಳಿನೇರಳೆ ಹೂ, ಎಲೆಯ ಅಡಿ ಬೂದುಬಣ್ಣದ ಅರಿವೆಯಂತೆ.

“ಅಕ್ಕೋರೆ, ಇದು ನಮ್ಮ ಯಾವ ಹಾಳೆಗೂ ಹೊಂದೂದಿಲ್ಲ. ನೀವೊಂದ್ಸಲ ಕಾಣಿ.”

ಕಂಡೆ. ಹೊಂದಲಿಲ್ಲ. ಹೊಂದಲಿಲ್ಲವೆಂದು ಕುಣಿಯಬಾರದು, ಹೊಂದಿಸಲು ಇನ್ನೂ ಹುಡುಕಬೇಕು. ಹೊಸದು ಎನ್ನುವುದಕ್ಕೆ ಮೊದಲು, ಹಳೆಯ ಎಲ್ಲವೂ ಇದಲ್ಲ ಎಂದು ಒಂದೊಂದಾಗಿ ತೋರಿಸಬೇಕು. ನಮ್ಮ ಕೆಲಸದ ಮುಕ್ಕಾಲು ಭಾಗ ಈ ‘ಇದಲ್ಲ’. ಮರುದಿನ ನಾನೂ ಅವಳ ಜೊತೆ ಯಾಣಕ್ಕೆ ಹೋದೆ. ದಾರಿಯಲ್ಲಿ ಎಳನೀರು ಮಾರುತ್ತಿದ್ದ ಮಂಜುನಾಥ ಎಂಬವನು ನಾವು ಅಳೆಯುವುದನ್ನು ಕತ್ತಿ ಹಿಡಿದುಕೊಂಡೇ ನೋಡುತ್ತಿದ್ದ.

“ಎಂತ ಅಕ್ಕೋರೆ, ಅದ್ರಲ್ಲಿ ಔಷಧಿ ಏನಾದ್ರೂ ಅದ್ಯಾ?”

“ಗೊತ್ತಿಲ್ಲ ಮಾರಾಯ. ಹೊಸ ಗಿಡ ಇರಬಹುದು ಅಂತ ನೋಡ್ತಾ ಇದ್ದೇವೆ.”

“ಹೊಸಾದಾ?” ಅವನಿಗೆ ನಗು ತಡೆಯಲಾಗಲಿಲ್ಲ. “ನಮ್ಮ ಅಜ್ಜನ ಕಾಲದಿಂದ ಇಲ್ಲೇ ಬಿದ್ಕಂಡದೆ. ಒಲೆಗೆ ಹಾಕಿದ್ರೆ ಬರೀ ಹೊಗೆ. ದನ ಸೈತ ಮೂಸೂದಿಲ್ಲ. ಬೇಕಾದ್ರೆ ಪೂರಾ ತಕಂಡು ಹೋಗಿ.”

ವಿಜ್ಞಾನಕ್ಕೆ ಇಷ್ಟು ವರ್ಷ ಅದು ಯಾಕೆ ಸಿಕ್ಕಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಸರಳ ವಿವರಣೆ ನಾನು ಓದಿಲ್ಲ. ಯಾರಿಗೂ ಬೇಡವಾಗಿತ್ತು.

ಬೇರೆ ಕಡೆಯೂ ಇದೆಯೇ ಎಂದು ನೋಡಲು ಹೊನ್ನಾವರ, ಭಟ್ಕಳದ ಗುಡ್ಡಗಳನ್ನೆಲ್ಲ ಸುತ್ತಿದೆವು. ಶಿರಾಲಿಯಲ್ಲಿ ಟೇಪು ಹಿಡಿದು ನಿಂತದ್ದೇ ತಡ, ಹೆಂಗಸರು ಗಂಡಸರು ಅಂಗಳದಿಂದ ಇಳಿದು ಬಂದರು. ಹೆದ್ದಾರಿ ಅಗಲ ಮಾಡುವ ಕಾಲ ಅದು. ಟೇಪು ಕಂಡರೆ ಮನೆ ಹೋಯಿತು ಎಂದೇ ಲೆಕ್ಕ. ಒಬ್ಬ ಅಜ್ಜಿ ನನ್ನ ಕೈ ಹಿಡಿದು ಕೇಳಿದಳು: “ಅಕ್ಕೋರೆ, ಬಾವಿ ಹೋದ್ರೆ ಹೋಗ್ಲಿ, ಮನೆ ಬಿಟ್ಟು ಅಳೀತೀರಾ?” ಪೊದೆ ಅಳೆಯಲು ಬಂದವರು ಎಂದು ನಾವು ಹೇಳಿದ್ದನ್ನು ಯಾರೂ ನಂಬಲಿಲ್ಲ. ಕೊನೆಗೆ ಸುಜಾತಾ ಆ ಅಜ್ಜಿಯನ್ನೇ ಕರೆದುಕೊಂಡು ಹೋಗಿ, ಗುಡ್ಡದಲ್ಲಿ ಅಂಥದ್ದೇ ಒಂದು ಪೊದೆ ಸಿಕ್ಕಾಗ ಅದರ ಎತ್ತರ ಅಳೆದು ತೋರಿಸಿದಳು. “ಇದ್ಕೆ ಸಂಬ್ಳ ಕೊಡ್ತಾರಾ?” ಎಂದಳು ಅಜ್ಜಿ.  ಏನೇ ಇರಲಿ, ಪೊದೆ ಯಾಣದಲ್ಲಿ ಮಾತ್ರವಲ್ಲ, ಶಿರಾಲಿಯ ಮೇಲೂ ಇದೆ ಎಂಬುದು ಖಚಿತವಾಯಿತು. ಎರಡು ಕಡೆಯೂ ಎಲೆ, ಹೂ, ಬೀಜ ಒಂದೇ ರೀತಿ.

ಹೂ ಬಿಡುವ ಕಾಲ, ಬೀಜ ಮಾಗುವ ಕಾಲ ಎಂದು ಮತ್ತೆ ಮತ್ತೆ ಹೋಗಿ, ಹಳೆಯ ವರ್ಣನೆಗಳನ್ನೆಲ್ಲ ತಾಳೆ ನೋಡಿ, ಎಲೆಯ ಚೂರನ್ನು ಯಂತ್ರದ ಊರಿಗೆ ಕಳಿಸಿ, ಲೇಖನ ಸಿದ್ಧವಾಗುವ ಹೊತ್ತಿಗೆ ಸುಜಾತಾಳ ಅವಧಿ ಮುಗಿಯುತ್ತ ಬಂದಿತ್ತು. ಒಮ್ಮೆ ವಿಸ್ತರಣೆ ಪಡೆದಾಗಿತ್ತು, ಇನ್ನೊಮ್ಮೆ ಸಿಗುವಂತಿರಲಿಲ್ಲ. ಈ ಲೇಖನ ಅವಳ ಹೆಸರಿನಲ್ಲಿ ಹೋಗದಿದ್ದರೆ ಪಿಎಚ್‌ಡಿಯೂ ಇಲ್ಲ, ಕಾಲೇಜಿನ ಕೆಲಸವೂ ಇಲ್ಲ. ಗಿಡಕ್ಕೆ ಯಾಣದ ಹೆಸರಿಡಬೇಕು ಎಂದು ಅವಳ ಆಸೆ. ಕರಡನ್ನು ಸರ್‌ಗೆ ಕೊಟ್ಟಳು. ಅದು ವಾಪಸ್ಸು ಬಂದಾಗ ಒಳಗೆ ಒಂದು ಅಕ್ಷರವೂ ಬದಲಾಗಿರಲಿಲ್ಲ. ಮೇಲೆ ಮಾತ್ರ ‘ದಾಮೋದರ ಮತ್ತು ಪಟಗಾರ’ ಎಂದಾಗಿತ್ತು.

ಸುಜಾತಾ ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟಳು.

“ಅಳ್ತೀಯಾ?” ಎಂದೆ.

“ಅತ್ರೆ ಎಂತ ಆಗ್ತದೆ ಅಕ್ಕೋರೆ? ಅಪ್ಪನ ಟೆಂಪೊಗೆ ಕಂಡಕ್ಟರ್ ಇಲ್ಲ. ಆ ಕೆಲ್ಸವಾದ್ರೂ ಅದೆ.”

ನಾನು ಒಂದು ದಿನ ಯೋಚನೆ ಮಾಡಿದೆ. ನಮ್ಮ ಶಾಸ್ತ್ರದಲ್ಲಿ ಸಸ್ಯದ ಪೂರ್ಣ ಹೆಸರಿಗೆ ಮೂರು ಭಾಗ. ಮೊದಲು ಕುಲದ ಹೆಸರು. ಆಮೇಲೆ ಅದರದೇ ಆದ ಹೆಸರು, ಅದು ಊರಿನದಿರಬಹುದು, ಗುಣದ್ದಿರಬಹುದು, ಗೌರವಕ್ಕೆ ಯಾರದೋ ವ್ಯಕ್ತಿಯದಿರಬಹುದು. ಕೊನೆಯಲ್ಲಿ ಅದನ್ನು ಮೊದಲು ವರ್ಣಿಸಿದವರ ಹೆಸರು. ಮನುಷ್ಯ ನಡುವೆಯೂ ಸೇರಬಹುದು, ಕೊನೆಯಲ್ಲೂ ಸೇರಬಹುದು. ಎರಡೂ ಕಡೆ ಒಬ್ಬನೇ ಕೂತರೆ ಚೆನ್ನಾಗಿರುವುದಿಲ್ಲ. ತಾನೇ ವರ್ಣಿಸಿದ ಗಿಡಕ್ಕೆ ತನ್ನದೇ ಹೆಸರಿಡುವುದನ್ನು ಯಾವ ನಿಯಮವೂ ತಡೆಯುವುದಿಲ್ಲ. ಆದರೆ ಮರ್ಯಾದೆ ಇರುವವರು ಯಾರೂ ಹಾಗೆ ಮಾಡುವುದಿಲ್ಲ, ಮಾಡಿದರೆ ಸಸ್ಯಶಾಸ್ತ್ರದವರು ಸಾಯುವವರೆಗೂ ನಗುತ್ತಾರೆ. ದಾಮೋದರ ಸರ್ ಒಮ್ಮೆ ನಗೆಪಾಟಲಾದವರು. ಇನ್ನೊಮ್ಮೆ ಆಗಲು ಧೈರ್ಯ ಸಾಲದು.

ಬೆಳಿಗ್ಗೆ ಅವರ ಕೋಣೆಗೆ ಹೋದೆ.

“ಸರ್, ಈ ಗಿಡಕ್ಕೆ ಯಾಣದ ಹೆಸರು ಯಾಕೋ ಸಪ್ಪೆ. ನಿಮ್ಮ ಹೆಸರನ್ನೇ ಲ್ಯಾಟಿನ್ ಮಾಡಿ ‘ದಾಮೋದರಿ’ ಅಂತ ಇಟ್ಟರೆ ಹೇಗೆ?”

ಅವರು ಪೆನ್ನಿಗೆ ಮುಚ್ಚಳ ಹಾಕಿದರು. ಬಾಗಿಲ ಕಡೆ ನೋಡಿದರು. ಅಂಗಿಯ ಕಾಲರ್ ಸರಿಮಾಡಿಕೊಂಡರು.

“ಅಲ್ಲ ಅಕ್ಕೋರೆ... ನಾ ಹಾಗೆಲ್ಲ ಆಸೆ ಪಟ್ಟವನಲ್ಲ.”

“ನಮಗೆ ಗೊತ್ತಿಲ್ಲವೇ ಸರ್.”

“ನೀವೆಲ್ಲ ಒತ್ತಾಯ ಮಾಡೂದಾದ್ರೆ ಬೇರೆ ಮಾತು.”

“ಒತ್ತಾಯವೇ ಸರ್. ಒಂದೇ ತೊಡಕು. ಹಾಗಾದರೆ ಲೇಖಕರಲ್ಲಿ ನಿಮ್ಮ ಹೆಸರು ಬರುವ ಹಾಗಿಲ್ಲ.”

ಮುಖ ಇಳಿಯಿತು. “ಯಾವ ಕಲಮಿನಲ್ಲಿ ಅದೆ ಅದು?”

“ಕಲಮಿನಲ್ಲಿ ಇಲ್ಲ ಸರ್. ತನ್ನ ಸನ್ಮಾನಕ್ಕೆ ತಾನೇ ಶಾಲು ತಂದು, ತಾನೇ ಹೊದ್ದುಕೊಂಡು, ತಾನೇ ಅಭಿನಂದನಾ ಭಾಷಣ ಮಾಡಬಾರದು ಅಂತಲೂ ಯಾವ ಕಲಮಿನಲ್ಲೂ ಇಲ್ಲ.”

ಅವರು ನನ್ನ ಮುಖವನ್ನೇ ದಿಟ್ಟಿಸಿದರು. ಹಿಂದಿನ ವರ್ಷ ಸಂಘವೊಂದು ಅವರನ್ನು ಸನ್ಮಾನಿಸಿದಾಗ ಶಾಲನ್ನು ಅವರೇ ಭಟ್ಕಳದ ಬಟ್ಟೆ ಅಂಗಡಿಯಲ್ಲಿ ಆರಿಸಿದ್ದು ನನಗೆ ತಿಳಿದಿದೆಯೋ ಇಲ್ಲವೋ ಎಂದು ಲೆಕ್ಕ ಹಾಕುತ್ತಿದ್ದರೆಂದು ತೋರುತ್ತದೆ. ತಿಳಿದಿತ್ತು. ಕುಮಟೆಯಲ್ಲಿ ಎಲ್ಲರಿಗೂ ತಿಳಿದಿತ್ತು.

ಒಂದು ವಾರ ಫೈಲು ಅವರ ಮೇಜಿನ ಮೇಲೇ ಇತ್ತು. ಮನುಷ್ಯ ಸೊರಗಿದರು. ಮೊದಲ ಲೇಖಕನೆಂಬ ಕುರ್ಚಿ ಒಂದು ಕಡೆ, ಸಸ್ಯಕ್ಕೆ ತನ್ನ ಹೆಸರು ಇನ್ನೊಂದು ಕಡೆ. ಎರಡರ ನಡುವೆ ಊಟ ರುಚಿಸದ ಹಾಗಾಯಿತು. ಕೊನೆಗೆ ಒಂದು ಬೆಳಿಗ್ಗೆ ತುಂಬ ಉತ್ಸಾಹದಿಂದ ನನ್ನ ಕೋಣೆಗೆ ಬಂದರು.

“ಅಕ್ಕೋರೆ, ದಾರಿ ಸಿಕ್ತು! ನಮ್ಮ ಅಜ್ಜನ ಹೆಸರೂ ದಾಮೋದರ. ಅಜ್ಜನ ಹೆಸರೇ ನಂಗಿಟ್ಟಿದ್ದು. ಗಿಡಕ್ಕೆ ಅಜ್ಜನ ಹೆಸರು ಅಂತ ಬರೆಯೂವ, ಲೇಖನಕ್ಕೆ ನನ್ನ ಹೆಸರು ಇರ್ಲಿ. ಯಾರು ಎಂತ ಹೇಳ್ತಾರೆ?”

ಮೊಮ್ಮಗನಿಗೆ ಅಜ್ಜನ ಹೆಸರಿಡುವ ಪದ್ಧತಿಗೆ ಇಂಥದೊಂದು ಉಪಯೋಗವಿದೆಯೆಂದು ನನಗೆ ಅದುವರೆಗೆ ಹೊಳೆದಿರಲಿಲ್ಲ. ಆಳವಾದ ತಲೆ, ಒಪ್ಪಬೇಕು. ಅದನ್ನು ಅವರು ಗಿಡಗಳಿಗೆ ಬಳಸಿದ್ದರೆ ಎಷ್ಟು ಚೆನ್ನಾಗಿತ್ತು.

“ಆತು ಸರ್” ಎಂದೆ. “ಹಾಗಾದರೆ ಅಜ್ಜನ ಪರಿಚಯ ಬರೆಯಬೇಕಾಗುತ್ತದೆ. ಯಾರ ಹೆಸರು, ಯಾಕೆ ಇಟ್ಟದ್ದು ಅಂತ ಲೇಖನದಲ್ಲಿ ಹೇಳುವುದು ರೂಢಿ. ಅಜ್ಜ ಎಂತ ಮಾಡ್ತಿದ್ದರು?”

“ಉಪ್ಪಿನ ವ್ಯಾಪಾರ.”

“ಗಿಡಗಳ ಬಗ್ಗೆ ಆಸಕ್ತಿ?”

“ಬಸಲೆ ಚಪ್ಪರ ಇತ್ತು.”

“ಬರೆಯೋಣ ಸರ್. ಮುಂದೆ ಈ ಗಿಡದ ಬಗ್ಗೆ ಯಾರು ಬರೆದರೂ, ಉಪ್ಪಿನ ವ್ಯಾಪಾರಿ ದಾಮೋದರರ ನೆನಪಿಗೆ ಎಂದೇ ಬರೀತಾರೆ. ಅಜ್ಜ ಶಾಶ್ವತವಾಗಿ ಉಳೀತಾರೆ.”

ಸರ್ ನಿಂತೇ ಇದ್ದರು. ಅಜ್ಜ ಶಾಶ್ವತವಾಗಿ ಉಳಿಯುವುದು ಅವರಿಗೆ ಅಷ್ಟೇನೂ ಹಿಡಿಸಲಿಲ್ಲ. ಸತ್ತು ಎಷ್ಟೋ ಕಾಲವಾದ ಮನುಷ್ಯನ ಮೇಲೆ ಅಂಥ ಅಸೂಯೆಯನ್ನು ನಾನು ಬೇರೆಲ್ಲೂ ನೋಡಿಲ್ಲ. ಜೇಬಿನಿಂದ ಪೆನ್ನು ತೆಗೆದರು. ಕರಡನ್ನು ನನ್ನ ಮೇಜಿನ ಮೇಲೇ ಹರಡಿ ‘ದಾಮೋದರ ಮತ್ತು’ ಎಂಬುದನ್ನು ಹೊಡೆದುಹಾಕಿದರು. ‘ಪಟಗಾರ’ ಒಂದೇ ಉಳಿಯಿತು.

ಸುಜಾತಾ ಕುಣಿಯುತ್ತಾಳೆ ಎಂದುಕೊಂಡಿದ್ದೆ. ಅವಳಿಗೆ ಸಿಟ್ಟು ಬಂತು.

“ಇಷ್ಟ್ ವರ್ಷ ನಾ ಗುಡ್ಡ ಹತ್ತಿದ್ದು ಅವ್ರ ಹೆಸರಿಡೂಕಾ ಅಕ್ಕೋರೆ? ಅವ್ರಿಗೆ ಆ ಪೊದೆ ಎಲ್ಲಿ ಅದೆ ಅಂತ ತೋರ್ಸಿದ್ರೂ ಗುರ್ತ ಸಿಕ್ಕೂದಿಲ್ಲ. ನಾಳೆ ನನ್ನ ಮಗಳು ಕೇಳಿದ್ರೆ ಎಂತ ಹೇಳ್ಲಿ?”

“ಮಗಳು ಹುಟ್ಟಲಿ, ಆಮೇಲೆ ನೋಡುವ. ನಡುವಿನ ಹೆಸರು ಅವರಿಗೆ ಕೊಟ್ಟರೆ ಕೊನೆಯ ಹೆಸರು ನಿನ್ನದು. ಯಾಣದ ಹೆಸರೇ ಬೇಕು ಅಂದರೆ ಮೊದಲ ಲೇಖಕ ಮತ್ತೆ ಅವರೇ. ಯಾವುದು ಬೇಕು, ಹೇಳು.”

ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಗಿಡದ ಪತ್ರಿಕೆ ಬದಲಿಸುವಾಗ ಬೇಕೆಂದೇ ಸದ್ದು ಮಾಡುತ್ತಿದ್ದಳು. ಅವಳ ಸಿಟ್ಟು ನ್ಯಾಯದ್ದೇ. ನೀವು ಹುಡುಕಿದ್ದಕ್ಕೆ ನೀವು ಇಷ್ಟಪಟ್ಟ ಹೆಸರಿಡುವುದು ಈ ಕೆಲಸದಲ್ಲಿ ಸಿಗುವ ಒಂದೇ ಒಂದು ಸುಖ. ಅದನ್ನು ಬಿಟ್ಟುಕೊಡು ಎಂದು ಹೇಳುವುದು ಸಣ್ಣ ಮಾತಲ್ಲ. ಮೂರನೆಯ ದಿನ ಬಂದು ಒಂದೇ ಮಾತು ಹೇಳಿದಳು: “ಆತು. ಗಿಡಕ್ಕೆ ಹೆಂಗೂ ಓದೂಕೆ ಬರೂದಿಲ್ಲ.”

ಲೇಖನ ಹೋಯಿತು. ಪರಿಶೀಲಿಸಿದವರು ಬೀಜದ ಬಗ್ಗೆ ನಾಲ್ಕು ಪ್ರಶ್ನೆ ಕೇಳಿದರು. ನಮ್ಮ ಕೇಂದ್ರದ ಹೆಸರು ಕಂಡಾಗ ಬೀಜದ ಬಗ್ಗೆ ಕೇಳದೆ ಬಿಡುತ್ತಾರೆಯೆ? ಸುಜಾತಾ ಹೂವಿನಲ್ಲಿ ಕೂತೇ ಇರುವ ಬೀಜಗಳ ಚಿತ್ರ ಕಳಿಸಿದಳು. ಒಪ್ಪಿಗೆ ಬಂತು. ಅಚ್ಚಿಗೆ ಮುಂಚಿನ ಪ್ರತಿ ಬಂದಾಗ ಸರ್ ಓಡಿಬಂದರು.

“ಎಂತ ಇದು? ನನ್ನ ಹೆಸರು ಶುರು ಆಗೂದು ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ, ಹುಡುಗಿ ಹೆಸರು ದೊಡ್ಡಕ್ಷರದಲ್ಲಿ! ವಾಪಸ್ ತಕಳ್ಳೂವ ಇದ್ನ.”

ಸುಜಾತಾಳ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಅವಧಿ ಮುಗಿಯಲು ವಾರಗಳಷ್ಟೇ ಉಳಿದಿದ್ದವು.

ನಾನು ಕಪಾಟಿನಿಂದ ಹಳೆಯ ಹಾಳೆಗಳ ಒಂದು ಕಟ್ಟು ತಂದು ಅವರ ಮುಂದೆ ಬಿಚ್ಚಿದೆ. “ನೋಡಿ ಸರ್, ಇಂಗ್ಲೆಂಡಿನ ಲಾರ್ಡುಗಳು, ರಾಜರು, ಗವರ್ನರುಗಳು. ಗಿಡದ ನಡುಹೆಸರಾದವರೆಲ್ಲ ಸಣ್ಣ ಅಕ್ಷರದಲ್ಲೇ ಇದ್ದಾರೆ. ದೊಡ್ಡಕ್ಷರ ಇರುವುದು ಬರೆದ ಗುಮಾಸ್ತರಿಗೆ.”

ಅವರು ಒಂದೊಂದೇ ಹಾಳೆ ತಿರುಗಿಸಿ ರಾಜರುಗಳನ್ನೆಲ್ಲ ಖಚಿತ ಮಾಡಿಕೊಂಡರು. ಆಮೇಲೆ ಆ ಪ್ರತಿಯನ್ನು ಸುಜಾತಾಳ ಕೈಗೆ ಕೊಟ್ಟು, “ಬೇಗ ಕಳ್ಸು, ತಡ ಎಂತಕ್ಕೆ?” ಎಂದು ಗದರಿದರು. ಪೊದೆ ಅಚ್ಚಾಯಿತು, ಅವಧಿ ಮುಗಿಯುವ ಮೊದಲೇ ಸುಜಾತಾಳ ಪ್ರಬಂಧವೂ ಸಲ್ಲಿಕೆಯಾಯಿತು. ಪತ್ರಿಕೆಗಳಲ್ಲಿ ಫೋಟೊ ಬಂತು. ನಡುವೆ ಯಾರಿದ್ದರು ಎಂದು ಕೇಳಬೇಡಿ.

ನಾನು ನಿವೃತ್ತಳಾದ ಮೇಲೆ ಸುಜಾತಾಳ ಮೌಖಿಕ ಪರೀಕ್ಷೆ ನಡೆಯಿತು. ಯಾರು ಬೇಕಾದರೂ ಕೂತು ಕೇಳಬಹುದಾದ ಸಭೆ ಅದು, ಆದ್ದರಿಂದ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಅವಳ ಅಪ್ಪ ಟೆಂಪೊ ಬಿಟ್ಟು ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಮಾರ್ಗದರ್ಶಕರಾದ್ದರಿಂದ ದಾಮೋದರ ಸರ್ ಮುಂದಿನ ಸಾಲಿನಲ್ಲಿ, ಧಾರವಾಡದಿಂದ ಬಂದ ಪರೀಕ್ಷಕರ ಪಕ್ಕದಲ್ಲೇ ಇದ್ದರು. ಪರೀಕ್ಷಕರು ವಯಸ್ಸಾದವರು, ಮೆಲುದನಿಯವರು, ಕಠಿಣ ಮನುಷ್ಯ. ಎಲೆಯಿಂದ ಹಿಡಿದು ಬೀಜದವರೆಗೆ ಎಲ್ಲವನ್ನೂ ಕೆದಕಿದರು. ಅವಳು ಎಲ್ಲಿಯೂ ತಡವರಿಸಲಿಲ್ಲ. ಕೊನೆಗೆ ಅವರು ಪ್ರಬಂಧ ಮುಚ್ಚಿ, ಕನ್ನಡಕ ತೆಗೆದು ಕೇಳಿದರು:

“ಈ ಸಸ್ಯಕ್ಕೆ ಡಾಕ್ಟರ್ ದಾಮೋದರ ಅವರ ಹೆಸರಿಟ್ಟಿದ್ದೀರಿ. ಈ ಸಸ್ಯದ ಅಧ್ಯಯನಕ್ಕೆ ಅವರ ವಿಶೇಷ ಕೊಡುಗೆ ಏನು?”

 ಸರ್ ಮುಂದಕ್ಕೆ ಬಾಗಿ ಕೂತರು. ಸುಜಾತಾ ನೀರಿನ ಬಾಟಲಿ ಎತ್ತಿ ಒಂದು ಗುಟುಕು ಕುಡಿದು, ಮುಚ್ಚಳ ಹಾಕಿ ಕೆಳಗಿಟ್ಟಳು. ಸುಳ್ಳು ಹೇಳಿದರೆ ಈ ಪರೀಕ್ಷಕರು ಬಿಡುವವರಲ್ಲ, ನಿಜ ಹೇಳಿದರೆ ಪಕ್ಕದಲ್ಲಿ ಕೂತವರು ಬಿಡುವವರಲ್ಲ. 

“ಸರ್,” ಎಂದಳು, “ನಮ್ಮ ಕೇಂದ್ರದಿಂದ ಹೊರಬಂದ ಎಲ್ಲಾ ಲೇಖನದಲ್ಲೂ ಅವ್ರ ಹೆಸರೇ ಮೊದಲು ಇರ್ತದೆ. ಇದೊಂದ್ರಲ್ಲಿ ಅವರು ತಮ್ಮ ಹೆಸರು ಹಾಕಿಕೊಳ್ಳಲಿಲ್ಲ. ಅದೇ ಅವರ ಕೊಡುಗೆ.”

ಪರೀಕ್ಷಕರು ಕರವಸ್ತ್ರ ತೆಗೆದು, ಕನ್ನಡಕ ಒರೆಸುವ ನೆಪದಲ್ಲಿ ಬಾಯಿ ಮುಚ್ಚಿಕೊಂಡರು. ದಾಮೋದರ ಸರ್ ಎದ್ದು ನಿಂತು ಸಭೆಯ ಕಡೆ ತಿರುಗಿದರು. ಕಣ್ಣು ತುಂಬಿ ಬಂದಿತ್ತು.

“ಕೇಳಿದ್ರಾ? ಇಂಥಾ ತ್ಯಾಗ ಈಗಿನ ಕಾಲದಲ್ಲಿ ಯಾರು ಮಾಡ್ತಾರೆ?” ಎಂದು ಹೇಳಿ, ಚಪ್ಪಾಳೆಯನ್ನೂ ತಾವೇ ಶುರು ಮಾಡಿದರು.

ಚಪ್ಪಾಳೆ ನಿಲ್ಲುವವರೆಗೆ ಕಾದು ಪರೀಕ್ಷಕರು ಹೇಳಿದರು: “ನನ್ನಲ್ಲಿ ಇನ್ನು ಪ್ರಶ್ನೆಗಳಿಲ್ಲ, ಡಾಕ್ಟರ್ ಪಟಗಾರ.”